ಬೆಳಗಿನ ಐದಕ್ಕೆ ತೆರೆಯುವ ಕಡಲು: ನ್ಯಾ ಟ್ರಾಂಗ್‌ನಲ್ಲಿ ಕುಟುಂಬದೊಡನೆ ಒಂದು ದಿನ

ವಿಯೆಟ್ನಾಮಿನ ದಕ್ಷಿಣ ಮಧ್ಯ ಕರಾವಳಿಯ ನ್ಯಾ ಟ್ರಾಂಗ್ ನಗರಕ್ಕೆ ಮೇ ತಿಂಗಳ ಎರಡನೆಯ ವಾರದಲ್ಲಿ ನಾವು ನಾಲ್ವರು ಹೋಗಿದ್ದೆವು: ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು ಮತ್ತು ಎಪ್ಪತ್ತೆರಡು ದಾಟಿದ ನನ್ನ ಅಮ್ಮ. ಇದ್ದದ್ದು ನಾಲ್ಕು ದಿನ. ಅದರಲ್ಲಿ ಮೊದಲ ಎರಡು ದಿನಗಳನ್ನೂ ಕೊನೆಯ ದಿನವನ್ನೂ ಊರಿನಿಂದಲೇ ಹಣ ಕಟ್ಟಿ ಒಂದು ಪ್ಯಾಕೇಜಿನವರ ಕೈಗೆ ಒಪ್ಪಿಸಿದ್ದೆವು. ಅವರು ನಮ್ಮನ್ನು ಬೆಳಿಗ್ಗೆ ಒಂಬತ್ತಕ್ಕೆ ದೋಣಿ ಹತ್ತಿಸಿ, ಕಿವಿ ಗಡಚಿಕ್ಕುವಂತೆ ಹಾಡು ಹಾಕಿ, ನೆತ್ತಿ ಸುಡುವ ಹೊತ್ತಿನಲ್ಲಿ ದ್ವೀಪದಿಂದ ದ್ವೀಪಕ್ಕೆ ಸುತ್ತಿಸಿ, ಸಸ್ಯಾಹಾರಿಗಳಿಗೆಂದು ಬಿಳಿ ಅನ್ನವನ್ನೂ ಸೌತೆಕಾಯಿ ಹೋಳುಗಳನ್ನೂ ಕೊಟ್ಟು, ಸಂಜೆ ನಾಲ್ಕಕ್ಕೆ, ಅಂದರೆ ಕಡಲು ನಿಜಕ್ಕೂ ಹಿತವಾಗತೊಡಗುವ ಗಳಿಗೆಗೆ ಸರಿಯಾಗಿ, ಹೋಟೆಲಿಗೆ ತಂದು ಬಿಟ್ಟರು. ಮೂರನೆಯ ದಿನಕ್ಕೆ ಯಾವ ಕಾರ್ಯಕ್ರಮವೂ ಇರಲಿಲ್ಲ. ಆ ದಿನವನ್ನು ಊರಿನವರು ಹೇಗೆ ಕಳೆಯುತ್ತಾರೋ ಹಾಗೆಯೇ ಕಳೆಯೋಣವೆಂದು ಹೊರಟೆವು. ಈ ವಿಮರ್ಶೆ ಆ ಒಂದು ದಿನದ್ದು. ಉಳಿದ ಮೂರು ದಿನಗಳ ಹಣವನ್ನು ಒಟ್ಟು ಸೇರಿಸಿದರೂ ಅದರಷ್ಟು ಬೆಲೆ ಬಾಳಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ಗಡಿಯಾರದ ಲೆಕ್ಕ ಹೇಳಬೇಕು, ಏಕೆಂದರೆ ಈ ಊರಿನ ಸುಖ ದುಃಖವೆಲ್ಲ ಅದರ ಮೇಲೆ ನಿಂತಿದೆ. ವಿಯೆಟ್ನಾಮಿನ ಸಮಯ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ಮೇ ತಿಂಗಳಲ್ಲಿ ಇಲ್ಲಿ ಬೆಳಗಿನ ಐದು ಇಪ್ಪತ್ತರ ಸುಮಾರಿಗೆ ಸೂರ್ಯ ಹುಟ್ಟುತ್ತಾನೆ, ಸಂಜೆ ಆರರ ಹೊತ್ತಿಗೆ ಮುಳುಗುತ್ತಾನೆ. ಎಂಟು ಗಂಟೆಗೆ ನಮ್ಮಲ್ಲಿ ಹತ್ತು ಗಂಟೆಯ ಬಿಸಿಲು ಇರುವಂತೆ ಇರುತ್ತದೆ. ಆದ್ದರಿಂದ ಊರಿನವರು ಕಡಲಿಗೆ ಇಳಿಯುವುದು ಐದರಿಂದ ಏಳರವರೆಗೆ, ಮತ್ತೆ ಸಂಜೆ ನಾಲ್ಕೂವರೆಯ ಮೇಲೆ. ನಡುವಿನ ಹೊತ್ತನ್ನು ಅವರು ಪ್ರವಾಸಿಗರಿಗೆ ಬಿಟ್ಟುಕೊಟ್ಟಿದ್ದಾರೆ. ತೊಡಕೆಂದರೆ, ಅಲ್ಲಿ ಐದು ಗಂಟೆಯಾದಾಗ ನಮ್ಮ ಮೈ ಇನ್ನೂ ಬೆಂಗಳೂರಿನ ಮೂರೂವರೆಯಲ್ಲಿ ಮಲಗಿರುತ್ತದೆ. ಮಗಳನ್ನು ಅರೆನಿದ್ದೆಯಲ್ಲೇ ಎತ್ತಿಕೊಂಡು ಲಿಫ್ಟ್ ಇಳಿಯಬೇಕಾಯಿತು. ಅಮ್ಮ ಮಾತ್ರ ನಾವು ಬಾಗಿಲು ತಟ್ಟುವ ಮೊದಲೇ ಜಡೆ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಕುಳಿತಿದ್ದರು.

ಅಮ್ಮ ಕುಂದಾಪುರದ ಕಡೆಯವರು. ಹುಟ್ಟಿದಂದಿನಿಂದ ಕಡಲನ್ನು ಕಂಡವರು, ಆದರೆ ಅವರು ಕಂಡ ಕಡಲು ಸೂರ್ಯನನ್ನು ಮುಳುಗಿಸುವ ಕಡಲು. ನ್ಯಾ ಟ್ರಾಂಗ್‌ನ ದಂಡೆ ಪೂರ್ವಕ್ಕೆ ಮುಖ ಮಾಡಿದೆ. ದ್ವೀಪಗಳ ಬೆನ್ನ ಹಿಂದೆ ಆಕಾಶ ಮೊದಲು ಬೂದಿ ಬಣ್ಣಕ್ಕೆ, ಆಮೇಲೆ ಹಣ್ಣಾದ ಗೇರುಹಣ್ಣಿನ ಬಣ್ಣಕ್ಕೆ ತಿರುಗಿ, ಒಮ್ಮೆಲೇ ನೀರಿನ ಅಂಚಿನಿಂದ ಬೆಳಕು ಬಂದಾಗ ಅವರು ಮರಳಿನ ಮೇಲೆ ನಿಂತಲ್ಲೇ ನಿಂತು, "ಇದೆಂತ ಮಗಾ, ಇಲ್ಲಿ ಸೂರ್ಯ ಕಡಲಂಗೇ ಹುಟ್ಟತ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೈಮುಗಿದರು. ಪಕ್ಕದಲ್ಲಿ ವ್ಯಾಯಾಮ ಮಾಡುತ್ತಿದ್ದ ಅವರದೇ ವಯಸ್ಸಿನ ಹೆಂಗಸೊಬ್ಬರು ಅದನ್ನು ನೋಡಿ ನಕ್ಕು ತಲೆ ಬಾಗಿಸಿದರು.

ಚಾನ್ ಫೂ ಎಂಬ ಹೆದ್ದಾರಿಯಂಥ ರಸ್ತೆಗೆ ಅಂಟಿಕೊಂಡೇ ಆರು ಕಿಲೋಮೀಟರಿನಷ್ಟು ಉದ್ದಕ್ಕೆ ಮರಳಿನ ದಂಡೆಯಿದೆ. ರಸ್ತೆಗೂ ಮರಳಿಗೂ ನಡುವೆ ತೆಂಗಿನ ಮರಗಳ ಉದ್ಯಾನವಿದೆ. ಆ ಹೊತ್ತಿನಲ್ಲಿ ಅಲ್ಲಿ ಕಾಣುವುದು ಪ್ರವಾಸಿ ತಾಣವಲ್ಲ, ಒಂದು ಊರಿನ ಅಂಗಳ. ಒಂದು ಕಡೆ ಧ್ವನಿವರ್ಧಕದ ತಾಳಕ್ಕೆ ಕೈಕಾಲು ಆಡಿಸುವ ಹೆಂಗಸರ ಸಾಲು, ಇನ್ನೊಂದು ಕಡೆ ಬಲೆ ಕಟ್ಟದೆ ಷಟಲ್ ಆಡುವ ಅಜ್ಜಂದಿರು, ನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ನಿಂತು ಸಂಸಾರದ ಮಾತು ಆಡುವ ಗುಂಪುಗಳು. ಯಾರೂ ಫೋಟೊ ತೆಗೆಯುತ್ತಿರಲಿಲ್ಲ, ಯಾರೂ ಏನನ್ನೂ ಮಾರಲು ಬರಲಿಲ್ಲ. ಉದ್ದ ತೋಳಿನ ಅಂಗಿ, ಪೈಜಾಮ ತೊಟ್ಟೇ ನೀರಿಗೆ ಇಳಿದ ಹೆಂಗಸರು ಅನೇಕರಿದ್ದುದರಿಂದ, ಚೂಡಿದಾರ ಹಾಕಿಕೊಂಡ ನನ್ನ ಹೆಂಡತಿಗೂ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡ ಅಮ್ಮನಿಗೂ ಯಾವ ಸಂಕೋಚವೂ ಆಗಲಿಲ್ಲ. ಹಗಲಿನ ರೆಸಾರ್ಟ್ ದಂಡೆಯಲ್ಲಿ ಈ ಸಮಾಧಾನ ಸಿಗುವುದಿಲ್ಲ.

ಮಕ್ಕಳಿರುವವರು ಒಂದು ಮಾತನ್ನು ಗಮನಿಸಬೇಕು. ಈ ದಂಡೆ ಮಲ್ಪೆಯಂತೆ ನಿಧಾನವಾಗಿ ಆಳವಾಗುವುದಿಲ್ಲ. ಮೊಣಕಾಲು ನೀರಿನಿಂದ ನಾಲ್ಕು ಹೆಜ್ಜೆ ಮುಂದಿಟ್ಟರೆ ದೊಡ್ಡವರ ಎದೆಮಟ್ಟ ಬರುತ್ತದೆ, ಹಿಂದೆ ಸರಿಯುವ ಅಲೆ ಕಾಲ ಕೆಳಗಿನ ಮರಳನ್ನು ಕೊರೆದುಕೊಂಡು ಹೋಗುತ್ತದೆ. ಮಗಳನ್ನು ಕೈಬಿಡಲಾಗಲಿಲ್ಲ. ಸಣ್ಣ ಮಕ್ಕಳನ್ನು ಬಿಟ್ಟು ದೊಡ್ಡವರು ನೆಮ್ಮದಿಯಾಗಿ ಕೂರಬೇಕೆಂದರೆ ಉತ್ತರಕ್ಕೆ ಸುಮಾರು 50 ಕಿಲೋಮೀಟರ್ ದೂರದ ಯೊಕ್ ಲೆಟ್ ದಂಡೆ ಮೇಲು. ಅಲ್ಲಿ ತುಂಬ ದೂರದವರೆಗೆ ನೀರು ಮೊಣಕಾಲಿಗಿಂತ ಮೇಲೆ ಬರುವುದಿಲ್ಲ. ಆದರೆ ಹಾಗೆ ಹೋದರೆ ಅದು ಮತ್ತೆ ಪ್ರಯಾಣದ ದಿನವಾಗುತ್ತದೆ, ಬಿಡುವಿನ ದಿನವಾಗುವುದಿಲ್ಲ.

ಏಳು ಗಂಟೆಗೆ, ಯಾರೋ ಗಂಟೆ ಹೊಡೆದಂತೆ, ದಂಡೆ ಖಾಲಿಯಾಯಿತು. ನಾವು ಅಮ್ಮನಿಗೆ ಕುಳಿತುಕೊಳ್ಳಲು ಇರಲಿ ಎಂದು ಕೊಡೆ ಕಟ್ಟಿದ ಎರಡು ಒರಗು ಕುರ್ಚಿಗಳನ್ನು ಬಾಡಿಗೆಗೆ ಹಿಡಿದದ್ದು ಆ ದಿನದ ಒಂದೇ ದಡ್ಡತನ. ಇಡೀ ದಿನಕ್ಕೆ ಎಂದು ಬೆರಳು ತೋರಿಸಿ ಹಣ ತೆಗೆದುಕೊಂಡವನು ಸ್ವಲ್ಪ ಹೊತ್ತಿನಲ್ಲೇ ಬೇರೊಬ್ಬನನ್ನು ಕಳಿಸಿದ. ಅವನ ಪ್ರಕಾರ ನಾವು ಕೊಟ್ಟದ್ದು ಕುರ್ಚಿಗೆ ಮಾತ್ರ, ಕೊಡೆಗೆ ಬೇರೆ. ವಾದಿಸಲು ಭಾಷೆ ಸಾಲದೆ ಎದ್ದು ಬಂದೆವು. ಹೇಗಿದ್ದರೂ ಬಿಸಿಲೇರಿತ್ತು, ಆ ಕುರ್ಚಿಯ ಅಗತ್ಯವೇ ಇರಲಿಲ್ಲ.

ಒಳಬೀದಿಯ ತಿಂಡಿಯ ಬಗ್ಗೆ ವಿಸ್ತಾರವಾಗಿ ಬರೆಯಲೇಬೇಕು, ಏಕೆಂದರೆ ಸಸ್ಯಾಹಾರಿ ಕನ್ನಡಿಗರು ವಿಯೆಟ್ನಾಮಿಗೆ ಹೊರಡುವಾಗ ಚೀಲದ ಅರ್ಧದಷ್ಟು ಅವಲಕ್ಕಿ, ಚಟ್ನಿಪುಡಿ ತುಂಬಿಕೊಳ್ಳುತ್ತಾರೆ. ನಾವೂ ತುಂಬಿಕೊಂಡಿದ್ದೆವು. ಬೀದಿಯ ತಿರುವಿನಲ್ಲಿ ಅಲ್ಯೂಮಿನಿಯಂ ಹಬೆಪಾತ್ರೆ ಇಟ್ಟುಕೊಂಡು ಕುಳಿತ ಹೆಂಗಸು ಮಾರುತ್ತಿದ್ದದ್ದು 'ಸೊಯ್' ಎಂಬ ಅಂಟಕ್ಕಿಯ ಅನ್ನ. ಒಂದು ಬಗೆಯಲ್ಲಿ ಹೆಸರುಬೇಳೆ, ಇನ್ನೊಂದರಲ್ಲಿ ಕಡಲೆಕಾಯಿ ಬೀಜ, ಮೇಲೆ ತೆಂಗಿನತುರಿ, ಸಕ್ಕರೆ ಬೆರೆಸಿ ಕುಟ್ಟಿದ ಎಳ್ಳು. ಎಲ್ಲವನ್ನೂ ಬಾಳೆಲೆಯಲ್ಲಿ ಮಡಿಸಿ ಕೊಡುತ್ತಾರೆ. ಬಾಳೆಲೆಯ ಮೇಲೆ ಬಿಸಿ ಅನ್ನ ಬಿದ್ದಾಗ ಏಳುವ ವಾಸನೆ ಯಾವ ದೇಶದಲ್ಲಾದರೂ ಒಂದೇ ಎಂದು ಅಮ್ಮನಿಗೆ ಅಲ್ಲಿ ಖಚಿತವಾಯಿತು. ಒಂದು ಪೊಟ್ಟಣಕ್ಕೆ 15,000 ಡಾಂಗ್, ಅಂದರೆ ನಮ್ಮ ಐವತ್ತು ರೂಪಾಯಿ. ಎಚ್ಚರಿಕೆಯ ಮಾತೆಂದರೆ, ಖಾರದ ಬಗೆಯ ಮೇಲೆ ಹೊಯ್ಯುವ ಈರುಳ್ಳಿ ಸೊಪ್ಪಿನ ಎಣ್ಣೆ ಹಂದಿಯ ಕೊಬ್ಬಿನದೂ ಆಗಿರುವುದುಂಟು. ಎಳ್ಳು ತೆಂಗಿನ ಸಿಹಿ ಬಗೆಯನ್ನೇ ಕೇಳಿ ತೆಗೆದುಕೊಳ್ಳಬೇಕು.

ಪಕ್ಕದ ಕಾಫಿ ಅಂಗಡಿಯಲ್ಲಿ ಮೊಣಕಾಲೆತ್ತರದ ಪ್ಲಾಸ್ಟಿಕ್ ಮಣೆಗಳು. ಲೋಟದ ಮೇಲೆ 'ಫಿನ್' ಎಂಬ ಪುಟ್ಟ ಅಲ್ಯೂಮಿನಿಯಂ ಸೋಸುಕ ಕೂರಿಸಿ, ಅದರೊಳಗೆ ಪುಡಿ ಹಾಕಿ ಬಿಸಿನೀರು ಹೊಯ್ದು ನಮ್ಮ ಮುಂದಿಡುತ್ತಾರೆ. ಹನಿ ಹನಿಯಾಗಿ ಇಳಿಯುವ ಡಿಕಾಕ್ಷನ್ ಕೆಳಗಿನ ಕಂಡೆನ್ಸ್ಡ್ ಮಿಲ್ಕ್ ಮೇಲೆ ಕಪ್ಪಾಗಿ ನಿಲ್ಲುವುದನ್ನು ಕಾಯುತ್ತ ಕುಳಿತಿರಬೇಕು. ನಮ್ಮ ಹಿತ್ತಾಳೆ ಫಿಲ್ಟರಿನ ತಮ್ಮನಂತಿದೆ. ಆದರೆ ಕಾಫಿ ಬೇರೆ ಜಾತಿಯದು. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವುದು ವಿಯೆಟ್ನಾಮ್, ಅದರಲ್ಲೂ ಬಹುಪಾಲು ರೋಬಸ್ಟಾ; ಈ ಕರಾವಳಿಯ ಪಶ್ಚಿಮಕ್ಕಿರುವ ಬುವೊನ್ ಮಾ ಥುವೊಟ್ ಸುತ್ತಲಿನ ಮಲೆನಾಡೇ ಅದರ ತವರು. ಚಿಕ್ಕಮಗಳೂರಿನ ಅರೇಬಿಕಾದ ಹುಳಿಯನ್ನೂ ಪರಿಮಳವನ್ನೂ ಇಲ್ಲಿ ಹುಡುಕಬಾರದು. ಇದು ಗಟ್ಟಿ, ಕಹಿ, ಕೋಕೋದ ಕಡೆಗೆ ವಾಲಿದ ರುಚಿ. ಬೆಳಗಿನ ಸ್ನಾನವಾದ ಮೇಲೆ ಐಸ್ ಹಾಕಿ ಕುಡಿದರೆ ಸೊಗಸು. ಬಿಸಿಯಾಗಿ ಕುಡಿದ ಅಮ್ಮ ಮುಖ ಗಂಟಿಕ್ಕಿ, ಲೋಟವನ್ನು ನನ್ನ ಕಡೆಗೆ ಸರಿಸಿದರು.

ಅಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ಹೇಳದಿದ್ದರೆ ಆ ಅಂಗಡಿಯವರಿಗೆ ಅನ್ಯಾಯವಾಗುತ್ತದೆ. ವಿಯೆಟ್ನಾಮಿನ ನೋಟುಗಳಲ್ಲಿ ಸೊನ್ನೆಗಳು ಬಹಳ. 20,000ದ ನೋಟೂ 5,00,000ದ ನೋಟೂ ಎರಡೂ ನೀಲಿ. ನಾನು ಮೂರು ನೀಲಿ ನೋಟುಗಳನ್ನು ಎಣಿಸಿ ಕೊಟ್ಟು ಎದ್ದಿದ್ದೆ. ಅಂಗಡಿಯ ಹೆಂಗಸು ಓಡಿಬಂದು ನನ್ನ ಅಂಗಿಯ ತೋಳು ಹಿಡಿದು ನಿಲ್ಲಿಸಿ, ಒಂದು ನೋಟನ್ನು ಕಣ್ಣ ಮುಂದೆ ಹಿಡಿದು, ಬಲು ಸಿಟ್ಟಿನಿಂದ ಏನೋ ಬೈದು ಅದನ್ನು ನನ್ನ ಜೇಬಿಗೆ ತುರುಕಿದರು. ಆ ನೋಟು ಐದು ಲಕ್ಷದ್ದು, ನಮ್ಮ ಲೆಕ್ಕದಲ್ಲಿ ಸಾವಿರದ ಆರುನೂರು ರೂಪಾಯಿಗೂ ಮೀರಿದ್ದು. ಅಲ್ಲಿಂದ ಮುಂದೆ ದೊಡ್ಡ ನೋಟುಗಳನ್ನು ಹೆಂಡತಿಯೇ ಬೇರೆ ಪರ್ಸಿನಲ್ಲಿ ಇಟ್ಟುಕೊಂಡಳು.

ಎಂಟೂವರೆಗೆ ಟ್ಯಾಕ್ಸಿ ಹಿಡಿದು, ಕಾಯ್ ನದಿಯ ಸೇತುವೆ ದಾಟಿ ಪೊ ನಗರ್ ದೇಗುಲಕ್ಕೆ ಹೋದೆವು. ಗ್ರ್ಯಾಬ್ ಆ್ಯಪ್‌ನಲ್ಲಿ ದರ ಮೊದಲೇ ಕಾಣುವುದರಿಂದ ಚೌಕಾಸಿಯ ಗೋಜಿಲ್ಲ. ದೇಗುಲ ತೆರೆದ ಸ್ವಲ್ಪ ಹೊತ್ತಿನಲ್ಲೇ ಹೋಗಬೇಕು. ಹತ್ತರ ಮೇಲೆ ಪ್ರವಾಸಿ ಬಸ್ಸುಗಳು ಸಾಲುಗಟ್ಟುತ್ತವೆ, ಇಟ್ಟಿಗೆಯ ಅಂಗಳ ಕಾದ ಕಾವಲಿಯಾಗುತ್ತದೆ. ನಾವು ಹೋದಾಗ ದೊಡ್ಡವರಿಗೆ ತಲಾ 30,000 ಡಾಂಗ್ ಪ್ರವೇಶ ಶುಲ್ಕವಿತ್ತು. ನದಿಯೂ ಕಡಲೂ ಕೂಡುವ ಕಡೆಯ ಸಣ್ಣ ಗುಡ್ಡದ ಮೇಲೆ ದೇಗುಲವಿದೆ, ಮೆಟ್ಟಿಲುಗಳಿವೆ. ಅಮ್ಮ ಮಂಡಿ ನೋವಿನವರು, ನಿಂತು ನಿಂತು ಹತ್ತಿದರು. ಇಪ್ಪತ್ತು ನಿಮಿಷ ಬೇಕಾಯಿತು.

ಹಿಂದೆ ಈ ಕರಾವಳಿಯನ್ನು ಆಳಿದ ಚಾಮ ಜನರ ಚಂಪಾ ರಾಜ್ಯದಲ್ಲಿ ಕೌಠಾರ ಎಂಬ ಪ್ರಾಂತದ ದೇವಿಯ ನೆಲೆ ಇದು. ಇಲ್ಲಿದ್ದ ಮರದ ಗುಡಿಯನ್ನು 774ರಲ್ಲಿ ಹಡಗಿನಲ್ಲಿ ಬಂದ ದಾಳಿಕಾರರು ಸುಟ್ಟು, ಲಿಂಗವನ್ನು ಹೊತ್ತೊಯ್ದರೆಂದೂ, ಸತ್ಯವರ್ಮನೆಂಬ ರಾಜ 784ರಲ್ಲಿ ಇಟ್ಟಿಗೆಯಿಂದ ಗುಡಿಯನ್ನು ಮತ್ತೆ ಕಟ್ಟಿಸಿದನೆಂದೂ ಇಲ್ಲಿನ ಸಂಸ್ಕೃತ ಶಾಸನವೇ ಹೇಳುತ್ತದೆ. ಈಗ ನಿಂತಿರುವ ಗೋಪುರಗಳು ಅದಾದ ಮೇಲಿನ ಶತಮಾನಗಳಲ್ಲಿ ಬೇರೆ ಬೇರೆ ಕಾಲಕ್ಕೆ ಎದ್ದವು; ದೊಡ್ಡದು ಇಪ್ಪತ್ತು ಮೀಟರಿಗೂ ಮೀರಿದ ಎತ್ತರದ್ದು. ಗಾರೆ ಕಾಣದಂತೆ ಇಟ್ಟಿಗೆಗೆ ಇಟ್ಟಿಗೆ ಕೂಡಿಸಿದ ಗೋಡೆಗೆ ಕೈ ತಾಗಿಸಿ ನೋಡಿದರೆ ಸಂದಿಯಲ್ಲಿ ಉಗುರೂ ಹೋಗುವುದಿಲ್ಲ. ಬಾಗಿಲ ಮೇಲಿನ ಕಮಾನುಗಲ್ಲಿನಲ್ಲಿ ನಾಲ್ಕು ತೋಳಿನ ದೇವಿ ಕುಣಿಯುತ್ತಿದ್ದಾಳೆ, ಎರಡೂ ಬದಿಗೆ ವಾದ್ಯದವರು ನಿಂತಿದ್ದಾರೆ. ಫಲಕ ಓದಲು ಬಾರದ ಅಮ್ಮ ಕತ್ತೆತ್ತಿ ಒಮ್ಮೆ ನೋಡಿ, "ಮಹಿಷಮರ್ದಿನಿ" ಎಂದರು. ಫಲಕದಲ್ಲೂ ಅದೇ ಹೆಸರಿತ್ತು.

ಒಳಗೆ ಮಾತ್ರ ಬೇರೆಯದೇ ಲೋಕ. ಕರಿಕಲ್ಲಿನ ಹತ್ತು ಕೈಯ ದೇವಿಗೆ ಹೊಳೆಯುವ ರೇಷ್ಮೆ ನಿಲುವಂಗಿ ಉಡಿಸಿ, ಕಿರೀಟ ತೊಡಿಸಿ, ವಿಯೆಟ್ನಾಮಿಯರು ಥಿಯೆನ್ ಯಿ ಆ ನಾ ಎಂಬ ತಾಯಿಯಾಗಿ ಪೂಜಿಸುತ್ತಾರೆ. ಊರಿನವರ ಬಾಯಲ್ಲಿ ಈ ಜಾಗದ ಹೆಸರು 'ಥಾಪ್ ಬಾ'. 'ಬಾ' ಎಂದರೆ ಅವರ ಭಾಷೆಯಲ್ಲಿ ದೇವಿಗೆ ಹೇಳುವ ಗೌರವದ ಹೆಸರೂ ಹೌದು, ಅಜ್ಜಿಯೂ ಹೌದು ಎಂದು ತಿಳಿದ ಮೇಲೆ ಮಗಳು ಇದಕ್ಕೆ 'ಅಜ್ಜಿ ಗೋಪುರ' ಎಂದೇ ಹೆಸರಿಟ್ಟಳು. ಚಡ್ಡಿ ತೊಟ್ಟು ಬಂದವರಿಗೆ ಬಾಗಿಲಲ್ಲೇ ಬೂದು ಬಣ್ಣದ ನಿಲುವಂಗಿ ಕೊಡುತ್ತಾರೆ, ಹಣ ಕೇಳುವುದಿಲ್ಲ. ಒಳಗಿನ ಗೋಡೆ ಶತಮಾನಗಳ ಹೊಗೆಯಿಂದ ಕಪ್ಪಾಗಿದೆ, ಗಾಳಿ ಇಲ್ಲ, ಧೂಪದ ಘಾಟು ಕಣ್ಣಿಗೆ ಹತ್ತುತ್ತದೆ. ಉಬ್ಬಸ ಇರುವವರು ಒಳಗೆ ಹೆಚ್ಚು ಹೊತ್ತು ನಿಲ್ಲದಿರುವುದು ಒಳ್ಳೆಯದು. ನಮ್ಮ ಕಣ್ಣಿಗೆ ಬಿದ್ದ ಕೊರತೆಯೆಂದರೆ ವಿವರಣೆಯದು: ಚಾಮರು ಇಂದಿಗೂ ದಕ್ಷಿಣದ ಫಾನ್ ರಾಂಗ್ ಸುತ್ತಮುತ್ತ ಬದುಕಿರುವ ಜನ, ಆದರೆ ಇಲ್ಲಿಯ ಅಂಗಳದಲ್ಲಿ ಅವರು ಹೆಚ್ಚಾಗಿ ನೃತ್ಯ ತೋರಿಸುವವರಾಗಿ ಮಾತ್ರ ಕಾಣುತ್ತಾರೆ. ನಾವು ಕೆಳಗಿಳಿದು, ಛಾವಣಿ ಇಲ್ಲದೆ ನಿಂತ ದಪ್ಪ ಇಟ್ಟಿಗೆ ಕಂಬಗಳ ಮಂಟಪದ ನೆರಳಿನಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತೆವು. ನದಿಯಲ್ಲಿ ನೀಲಿ ಬಣ್ಣದ ಮೀನುದೋಣಿಗಳು ಒಂದಕ್ಕೊಂದು ಒತ್ತಿಕೊಂಡು ತೂಗುತ್ತಿದ್ದವು. ಇದೇ ನಗರದ ಹೊರವಲಯದ ವೊ ಕಾನ್ ಹಳ್ಳಿಯಲ್ಲಿ ಸಿಕ್ಕ ಶಾಸನ ಆಗ್ನೇಯ ಏಷ್ಯಾದ ಅತಿ ಹಳೆಯ ಸಂಸ್ಕೃತ ಶಾಸನಗಳಲ್ಲಿ ಒಂದು. ಅದನ್ನು ನೋಡಬೇಕೆಂದರೆ ಮಾತ್ರ ಹನೋಯಿಯ ಇತಿಹಾಸ ಸಂಗ್ರಹಾಲಯಕ್ಕೆ ಹೋಗಬೇಕು.

ಮಧ್ಯಾಹ್ನದ ಊಟಕ್ಕೆ ಹನ್ನೊಂದಕ್ಕೇ ಹೋಗಬೇಕು. ಹನ್ನೆರಡೂವರೆಗೆ ಒಳ್ಳೆಯ ಪದಾರ್ಥಗಳು ತೀರಿರುತ್ತವೆ. ಸಸ್ಯಾಹಾರಕ್ಕೆ ವಿಯೆಟ್ನಾಮಿ ಭಾಷೆಯಲ್ಲಿ ಹೇಳುವುದು 'ಚಾಯ್'. ಚಹಾಕ್ಕೆ ಹೇಳುವುದು 'ಚಾ' ಎಂದು ಕೇಳಿಸುತ್ತದೆ. ಕುಂದಾಪುರದಲ್ಲಿ 'ಚಾ' ಕುಡಿದು ಬೆಳೆದ ಅಮ್ಮನಿಗೆ ಎರಡನೆಯದು ಕೂಡಲೇ ನಾಟಿತು, ಮೊದಲನೆಯದು ಕೊನೆಯವರೆಗೂ ಗೊಂದಲವಾಗಿಯೇ ಉಳಿಯಿತು. 'ಕೊಮ್ ಚಾಯ್' ಎಂದು ಬರೆದ ಅಂಗಡಿ ಕಂಡರೆ ಅದು ಶುದ್ಧ ಸಸ್ಯಾಹಾರದ ಊಟದ ಮನೆ. ಬೌದ್ಧರು ಚಾಂದ್ರಮಾನ ತಿಂಗಳ 1 ಮತ್ತು 15ನೆಯ ದಿನ ಮಾಂಸ ಬಿಡುವುದರಿಂದ, ಅಂದರೆ ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ ಹುಣ್ಣಿಮೆಗಳಂದು, ಇಂಥ ಅಂಗಡಿಗಳ ಮುಂದೆ ಸ್ಕೂಟರುಗಳ ಜಾತ್ರೆಯೇ ನೆರೆಯುತ್ತದೆ. ಕಟ್ಟುನಿಟ್ಟಿನ ಪದ್ಧತಿಯವರು ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. 'ಸಸ್ಯಾಹಾರಿ' ಎಂದು ಇಂಗ್ಲಿಷಿನಲ್ಲಿ ಹೇಳಿದರೆ ಸಾಮಾನ್ಯ ಹೋಟೆಲಿನವರು ಮಾಂಸ ತೆಗೆದು, ಮೀನಿನ ಸಾರವಾದ 'ನುವೊಕ್ ಮಾಮ್' ಅನ್ನು ಹಾಗೆಯೇ ಬಿಡುತ್ತಾರೆ. 'ಚಾಯ್' ಎಂದರೆ ಅದರ ಬದಲಿಗೆ ಸೋಯಾ ಸಾಸ್ ಬರುತ್ತದೆ. ಈ ಒಂದು ಪದವನ್ನು ಕಲಿತು ಹೋದರೆ ಅವಲಕ್ಕಿಯ ಚೀಲದ ತೂಕ ಅರ್ಧಕ್ಕೆ ಇಳಿಯುತ್ತದೆ.

ನಾವು ಹೋದದ್ದು ಆರು ಮೇಜುಗಳ ಒಂದು ಸಣ್ಣ ಅಂಗಡಿ. ಗಾಜಿನ ಹಿಂದೆ ಹನ್ನೆರಡು ತಟ್ಟೆಗಳಲ್ಲಿ ಪದಾರ್ಥಗಳು, ಬೇಕಾದುದಕ್ಕೆ ಬೆರಳು ತೋರಿಸಿದರೆ ಅನ್ನದ ಮೇಲೆ ಹಾಕಿ ಕೊಡುತ್ತಾರೆ. ತಟ್ಟೆಯೊಂದಕ್ಕೆ 35,000 ಡಾಂಗ್. ಮೊದಲ ನೋಟಕ್ಕೆ ಅಮ್ಮ ಹಿಮ್ಮೆಟ್ಟಿದರು. ಇಡೀ ಮೀನಿನ ಆಕಾರದ್ದು ಒಂದು, ಕೋಳಿಯ ಕಾಲಿನ ಆಕಾರದ್ದು ಇನ್ನೊಂದು, ಚರ್ಮದ ಗೆರೆಯೂ ಕಾಣುವಂತೆ ಕಟ್ಟಿದ ಸೋಯಾ ಹಿಟ್ಟಿನ ಉಂಡೆಗಳು. ಎಲ್ಲವೂ ಸೋಯಾ ಎಂದು ಎಷ್ಟು ಹೇಳಿದರೂ, "ತಿಂಬುದು ಬಿಟ್ಟ ಮೇಲೆ ಅದರ ವೇಷ ಯಾಕೆ?" ಎಂಬ ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಂಗಡಿಯ ಯಜಮಾನಿ ಅವರ ಮುಖ ನೋಡಿಯೇ ಅರ್ಥ ಮಾಡಿಕೊಂಡು, ಕೈಹಿಡಿದು ತಟ್ಟೆಗಳ ಇನ್ನೊಂದು ತುದಿಗೆ ಕರೆದೊಯ್ದರು. ಅಲ್ಲಿ ಮೆಣಸಿನ ಕಾಳು ಹಾಕಿ ಸೋಯಾ ರಸದಲ್ಲಿ ಬತ್ತಿಸಿದ ಎಳೆ ಹಲಸಿನ ತುಂಡುಗಳಿದ್ದವು. ಅಮ್ಮ ಒಂದು ತುಂಡು ಬಾಯಿಗೆ ಹಾಕಿ, ಕಣ್ಣರಳಿಸಿ, "ಗುಜ್ಜೆ!" ಎಂದರು. ಅದರ ಜೊತೆಗೆ ಬಾಳೆಹೂವಿನ ಕೋಸಂಬರಿಯಂಥದ್ದು, ಮಜ್ಜಿಗೆ ಹುಲ್ಲಿನ ಪರಿಮಳದ ಕರಿದ ತೋಫು, ಹಾಗಲಕಾಯಿಯ ತಿಳಿಸಾರು. ಉಪ್ಪು ಸ್ವಲ್ಪ ಜಾಸ್ತಿ, ಸಿಹಿಯೂ ಜಾಸ್ತಿ, ಖಾರ ಇಲ್ಲವೇ ಇಲ್ಲ. ಚಟ್ನಿಪುಡಿಯ ಡಬ್ಬಿ ಅಲ್ಲಿ ಕೆಲಸಕ್ಕೆ ಬಂತು, ಯಜಮಾನಿಯೂ ಬೆರಳ ತುದಿಯಲ್ಲಿ ರುಚಿ ನೋಡಿದರು. ಮೊಸರಿಲ್ಲದ ಊಟ ಊಟವೇ ಅಲ್ಲ ಎನ್ನುವವರಿಗೆ ಸಿಹಿ ಮೊಸರಿನ ಕಪ್ ಬಿಟ್ಟರೆ ಬೇರೆ ದಾರಿಯಿಲ್ಲ.

ಹನ್ನೆರಡರಿಂದ ಮೂರರವರೆಗೆ ಮಲಗಿದೆವು. ಇದನ್ನು ಸೋಮಾರಿತನವೆಂದು ಯಾರೂ ಎಣಿಸುವುದಿಲ್ಲ. ಆ ಹೊತ್ತಿಗೆ ಅಂಗಡಿಯವರು ಮಳಿಗೆಯೊಳಗೇ ತೂಗುಯ್ಯಾಲೆ ಕಟ್ಟಿ ಮಲಗಿರುತ್ತಾರೆ, ಗಿರಾಕಿ ಬಂದರೂ ಒಂದು ಕಣ್ಣು ತೆರೆದು ಬೆಲೆ ಹೇಳಿ ಮತ್ತೆ ಮುಚ್ಚುತ್ತಾರೆ.

ಮೂರಕ್ಕೆ ನಗರದ ಉತ್ತರ ಅಂಚಿನ ಒಂದು ಕೆಸರು ಸ್ನಾನದ ತಾಣಕ್ಕೆ ಹೋದೆವು. ಖನಿಜದ ಕೆಸರು ಮತ್ತು ಬಿಸಿನೀರಿನ ಬುಗ್ಗೆ ನ್ಯಾ ಟ್ರಾಂಗ್‌ನ ಹೆಸರಾಂತ ಸೇವೆ. ನಾಲ್ವರು ಕೂರಬಹುದಾದ ತೊಟ್ಟಿಯೊಂದನ್ನು ನಮ್ಮ ಕಣ್ಣೆದುರೇ ತೊಳೆದು, ಕೊಳಾಯಿ ತಿರುಗಿಸಿ ಕೆಸರು ತುಂಬಿಸಿದರು. ಗಟ್ಟಿ ಹಿಟ್ಟಿನಂತಿರಬಹುದೆಂದು ಊಹಿಸಿದ್ದೆ. ಅದು ತೆಳ್ಳಗೆ, ರಾಗಿ ಅಂಬಲಿಯ ಹದದಲ್ಲಿ, ಬೂದು ಬಣ್ಣಕ್ಕೆ, ಉಗುರು ಬೆಚ್ಚಗೆ ಇತ್ತು. ವಿಚಿತ್ರವೆಂದರೆ ಅದರಲ್ಲಿ ಮುಳುಗಲು ಆಗುವುದಿಲ್ಲ. ಕಾಲು ಚಾಚಿದರೆ ದೇಹ ತಾನಾಗಿ ಮೇಲಕ್ಕೆ ತೇಲುತ್ತದೆ, ಮಂಡಿಯ ಮೇಲಿನ ಭಾರವೆಲ್ಲ ಇಳಿದಂತಾಗುತ್ತದೆ. ಮಗಳು ಮೈಗೆ ಮೆತ್ತಿಕೊಂಡು, ಕೂದಲಿಗೆ ಮೆತ್ತಿಕೊಂಡು, ಅಷ್ಟೂ ಸಾಲದೆ ನನ್ನ ಕನ್ನಡಕಕ್ಕೂ ಮೆತ್ತಿದಳು. ಅಮ್ಮ ಬದಲಿ ಅಂಗಿ ತೊಟ್ಟು, ಐದು ನಿಮಿಷ ಅಂಚಿನ ಮೇಲೆ ಕುಳಿತು ಯೋಚಿಸಿ, ಕೊನೆಗೆ ಇಳಿದವರು ಎಬ್ಬಿಸುವವರೆಗೂ ಮೇಲೇಳಲಿಲ್ಲ. ಹದಿನೈದು ಇಪ್ಪತ್ತು ನಿಮಿಷ ಅದರಲ್ಲಿ ಕುಳಿತು, ಬಿಸಿಲಿಗೆ ನಿಂತು ಒಣಗಿಸಿ, ಗೋಡೆಯ ತೂತುಗಳಿಂದ ಚಿಮ್ಮುವ ನೀರಿನ ನಡುವೆ ನಡೆದು ತೊಳೆದುಕೊಂಡು, ಆಮೇಲೆ ಬಿಸಿನೀರಿನ ಕೊಳದಲ್ಲಿ ಕೂರುವುದು ಇಲ್ಲಿಯ ಕ್ರಮ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಮೊದಲೇ ವೈದ್ಯರನ್ನು ಕೇಳಿರಬೇಕು. ಚರ್ಮರೋಗ, ಕೀಲುನೋವು ವಾಸಿಯಾಗುತ್ತದೆಂಬ ಫಲಕಗಳನ್ನು ನಾನು ನಂಬುವುದಿಲ್ಲ. ಆ ರಾತ್ರಿ ಅಮ್ಮ ನೋವಿನ ಎಣ್ಣೆ ಕೇಳಲಿಲ್ಲ ಎಂಬುದಷ್ಟೇ ನಾನು ಹೇಳಬಲ್ಲ ಸಾಕ್ಷ್ಯ. ಬೇಸರದ ಸಂಗತಿಯೂ ಒಂದಿತ್ತು. ಅಲ್ಲಿಯ ಛಾಯಾಗ್ರಾಹಕ ಕೇಳದೆಯೇ ನಮ್ಮ ಫೋಟೊಗಳನ್ನು ತೆಗೆದು, ಹೊರಡುವಾಗ ಅಚ್ಚು ಹಾಕಿಸಿ ತಂದು ಹಣಕ್ಕೆ ಬೆನ್ನು ಬಿದ್ದ. ಕೆಸರಿನಲ್ಲಿ ಕುಳಿತ ಹೆಂಗಸರ ಫೋಟೊ ತೆಗೆಯುವ ಮುನ್ನ ಅನುಮತಿ ಕೇಳಬೇಕೆಂಬುದು ಆಡಳಿತದವರಿಗೆ ಹೊಳೆಯದಿರುವುದು ಅಚ್ಚರಿ. ದಿನದ ದೊಡ್ಡ ಖರ್ಚೂ ಇದೇ.

ಐದಕ್ಕೆ ಮತ್ತೆ ದಂಡೆಗೆ. ಈ ಊರಿನ ಕಡಲ ಮುಂದೆ ಎದ್ದಿರುವ ನಲವತ್ತು ಮಹಡಿಯ ಹೋಟೆಲುಗಳ ಸಾಲನ್ನು ಬೆಳಿಗ್ಗೆಯೆಲ್ಲ ಬೈದುಕೊಂಡಿದ್ದೆ; ಸಂಜೆಗೆ ಅವುಗಳ ನೆರಳು ರಸ್ತೆ ದಾಟಿ ಮರಳಿನ ಮೇಲೆ ಬಿದ್ದು, ನೀರಿನವರೆಗೂ ತಂಪಾಗಿತ್ತು. ಬೆಳಗಿನ ಜನವೇ ಮಕ್ಕಳನ್ನು ಕರೆದುಕೊಂಡು ಮರಳಿ ಬಂದಿದ್ದರು. ಚಾನ್ ಫೂ ರಸ್ತೆ ದಾಟುವುದೇ ಒಂದು ವಿದ್ಯೆ: ಸ್ಕೂಟರುಗಳು ನಿಲ್ಲುವುದಿಲ್ಲ, ನಾವೂ ನಿಲ್ಲಬಾರದು, ಓಡಲೂಬಾರದು, ಒಂದೇ ವೇಗದಲ್ಲಿ ನಡೆಯುತ್ತಿದ್ದರೆ ಅವು ನಮ್ಮನ್ನು ಬಳಸಿಕೊಂಡು ಹರಿಯುತ್ತವೆ. ಅಮ್ಮನಿಗೆ ಅದು ಸಾಧ್ಯವಾಗದ ಕಾರಣ ಸಿಗ್ನಲ್ ಇರುವ ಕಡೆಯವರೆಗೆ ನಡೆದೆವು.

ಅದೇ ರಸ್ತೆಯ ಮೇಲೆ, ಕಡಲಿಗೆ ಎದುರಾಗಿ, ಪಾಶ್ಚರ್ ಸಂಸ್ಥೆಯಿದೆ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗಿನ ರೋಗಾಣುವನ್ನು ಗುರುತಿಸಿದ ಅಲೆಕ್ಸಾಂಡರ್ ಯೆರ್ಸಿನ್ ಮರುವರ್ಷ ಈ ಊರಿನಲ್ಲಿ ಪ್ರಯೋಗಾಲಯ ತೆರೆದು, 1943ರಲ್ಲಿ ಇಲ್ಲಿಯೇ ತೀರಿಕೊಂಡ. ಇಲ್ಲಿ ತಯಾರಿಸಿದ ಪ್ಲೇಗಿನ ಸೀರಂ ಹಿಡಿದು 1897ರಲ್ಲಿ ಮುಂಬಯಿಗೂ ಬಂದಿದ್ದ. ಅದರ ಮರುವರ್ಷವೇ ಪ್ಲೇಗು ಬೆಂಗಳೂರಿಗೆ ತಲುಪಿತು. ಪ್ಲೇಗಮ್ಮನ ಗುಡಿಗಳಿರುವ ಊರಿನಿಂದ ಬಂದವರಿಗೆ ಒಳಗಿನ ಪುಟ್ಟ ಸಂಗ್ರಹಾಲಯ ಆಸಕ್ತಿ ಹುಟ್ಟಿಸಬಹುದು. ನಾವು ಹೋದ ಹೊತ್ತಿಗೆ ಮುಚ್ಚಿತ್ತು, ನೋಡಲಿಲ್ಲ.

ಕತ್ತಲಾದ ಮೇಲೆ, ಯುದ್ಧದ ಕೊನೆಗೆ ಉತ್ತರ ವಿಯೆಟ್ನಾಮಿನ ಸೇನೆ ಈ ನಗರವನ್ನು ವಶಪಡಿಸಿಕೊಂಡ 1975ರ ಏಪ್ರಿಲ್ 2ರ ನೆನಪಿಗೆ ಹೆಸರಿಟ್ಟಿರುವ ಚೌಕದಲ್ಲಿ ಕುಳಿತೆವು. ತಾವರೆಯನ್ನು ನೆನಪಿಸುವ ಅಲ್ಲಿಯ ಗೋಪುರಕ್ಕೆ ಅಗರು ಮರದ ಹೆಸರಿದೆ. ಈ ಪ್ರಾಂತಕ್ಕೇ ಅಗರಿನ ನಾಡೆಂದು ಖ್ಯಾತಿ, ಪೊ ನಗರ್‌ನ ದೇವಿ ತೇಲಿ ಹೋದದ್ದೂ ಅಗರಿನ ಮರದೊಳಗೆ ಎಂದು ಕಥೆ. ಸುತ್ತಲ ಅಂಗಡಿಗಳಲ್ಲಿ ಅಗರಿನ ಚೂರು, ಎಣ್ಣೆ ಮಾರುತ್ತಾರೆ. ಅಸಲು ಯಾವುದು ನಕಲಿ ಯಾವುದು ಎಂದು ಗುರುತಿಸುವ ಮೂಗು ನಮಗಿಲ್ಲದ್ದರಿಂದ ಕೊಳ್ಳಲಿಲ್ಲ. ಮಗಳಿಗೆ ಸುಟ್ಟ ಜೋಳ, ಅಮ್ಮನಿಗೆ ಎಳನೀರು. ಕಡಲ ಮೇಲೆ ದೂರದ ಹೊನ್ ಚೆ ದ್ವೀಪಕ್ಕೆ 3,320 ಮೀಟರ್ ಉದ್ದದ ರೋಪ್‌ವೇಯ ಕಂಬಗಳು ದೀಪ ಹಚ್ಚಿಕೊಂಡು ಸಾಲಾಗಿ ನಿಂತಿದ್ದವು. ಆ ದ್ವೀಪದ ಮನರಂಜನಾ ಉದ್ಯಾನಕ್ಕೆ ಒಂದು ಇಡೀ ದಿನವನ್ನೂ ದೊಡ್ಡ ಮೊತ್ತವನ್ನೂ ಕೊಡಬೇಕು. ಮಗಳು ಕೇಳಿದಳು, ನಾವು ಕೇಳಿಸಿಕೊಳ್ಳದಂತೆ ಇದ್ದೆವು.

ಕೊಠಡಿಯ ಬಾಡಿಗೆ ಬಿಟ್ಟು ಆ ದಿನದ ಒಟ್ಟು ಖರ್ಚು ನಾಲ್ವರಿಗೆ ಸುಮಾರು 21 ಲಕ್ಷ ಡಾಂಗ್. ಲಕ್ಷಗಳಲ್ಲಿ ಖರ್ಚು ಮಾಡುವ ಶ್ರೀಮಂತಿಕೆ ನಮಗೆ ಮತ್ತೆ ಸಿಗಲಾರದು. ರೂಪಾಯಿಗೆ 300 ಡಾಂಗ್ ಹಿಡಿದರೆ ಏಳು ಸಾವಿರ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೆಸರಿನ ಪಾಲು. ಯಾವಾಗ ಹೋಗಬೇಕೆಂಬುದನ್ನು ಮಾತ್ರ ನಮ್ಮ ಮಳೆಗಾಲ ನೋಡಿ ನಿರ್ಧರಿಸಬಾರದು. ಇಲ್ಲಿ ಮಳೆ ಈಶಾನ್ಯ ಮಾರುತದ್ದು, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಸುರಿಯುತ್ತದೆ, ಆಗ ಕಡಲೂ ಕೆರಳಿರುತ್ತದೆ. ಜನವರಿ ಕಳೆದ ಮೇಲೆ ಆಗಸ್ಟಿನವರೆಗೆ ಒಣ ಹವೆ, ಆದ್ದರಿಂದ ದಸರಾ ರಜೆಗಿಂತ ಬೇಸಿಗೆ ರಜೆ ಒಳ್ಳೆಯದು. ಏಪ್ರಿಲ್ 30 ಮತ್ತು ಮೇ 1 ಅವರ ರಾಷ್ಟ್ರೀಯ ರಜೆಗಳು; ಆ ವಾರದಲ್ಲಿ ದೇಶವೇ ಈ ದಂಡೆಗೆ ಇಳಿಯುತ್ತದೆಂದು ಹೋಟೆಲಿನ ಹುಡುಗಿ ಹೇಳಿದಳು. ರಾತ್ರಿಯ ಮೋಜಿಗಾಗಿ, ಪಟ್ಟಿ ಹಿಡಿದು ತಾಣಗಳನ್ನು ಮುಗಿಸುವುದಕ್ಕಾಗಿ ಬರುವವರಿಗೆ ನನ್ನ ಈ ಕ್ರಮ ಒಗ್ಗಲಾರದು, ಬೆಳಿಗ್ಗೆ ಎಂಟಕ್ಕೆ ಮೊದಲು ಕಣ್ಣು ತೆರೆಯದ ಹದಿಹರೆಯದವರು ಮನೆಯಲ್ಲಿದ್ದರೆ ಪ್ರಯತ್ನಿಸುವುದೂ ಬೇಡ.

ಒಂಬತ್ತಕ್ಕೆ ಕೊಠಡಿಗೆ ಮರಳಿದಾಗ ನಾಲ್ಕನೆಯ ದಿನದ ಪ್ಯಾಕೇಜಿನವರಿಂದ ಸಂದೇಶ ಬಂದಿತ್ತು: ಬೆಳಿಗ್ಗೆ ಎಂಟೂವರೆಗೆ ವಾಹನ ಬರುತ್ತದೆ, ಸಿದ್ಧರಿರಿ. ಓದಿ ಹೇಳಿದೆ. ಅಮ್ಮ ಸೀರೆಯನ್ನು ಬಾಲ್ಕನಿಯಲ್ಲಿ ಹರವುತ್ತ, ಹಾಗಾದರೆ ಮೂರು ಗಂಟೆ ಹೊತ್ತು ಸಿಗುತ್ತದಲ್ಲ ಎಂದರು.